ಮಾಹಿತಿ ಸರಕಿನ ಅರ್ಥಶಾಸ್ತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಪುಸ್ತಕ, ಹಾಡು, ಸಾಫ್ಟ್‌ವೇರ್, ಸುದ್ದಿ, ಷೇರು ದರ, ಭೂಪಟ, ಡೇಟಾಬೇಸ್. ಇವುಗಳ ಮಾರುಕಟ್ಟೆ ಉಳಿದ ಮಾರುಕಟ್ಟೆಗಳ ಹಾಗೆ ನಡೆಯುವುದಿಲ್ಲ. ಯಾಕೆ ಅಂತ ಜನ ಮತ್ತೆ ಮತ್ತೆ ಕೇಳುವುದನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಓದುವಾಗ ಒಂದು ಪ್ರಶ್ನೆ ತಲೆಯಲ್ಲಿ ಇಟ್ಟುಕೊಳ್ಳಿ: ಮೊದಲ ಪ್ರತಿ ತಯಾರಿಸಿದ ಖರ್ಚನ್ನು ಕೊನೆಗೆ ಯಾರು ಕೊಟ್ಟರು? ಈ ವಿಷಯದ ಜಗಳಗಳೆಲ್ಲ ಅಲ್ಲಿಗೇ ಬಂದು ನಿಲ್ಲುತ್ತವೆ ಅಂತ ನಾನು ನಂಬಿದ್ದೇನೆ.

ಮಾಹಿತಿ ಸರಕು ಅಂದ್ರೆ ಏನು?

ಡಿಜಿಟಲ್ ರೂಪಕ್ಕೆ ಇಳಿಸಬಹುದಾದ, ಯಾರಿಗಾದರೂ ಬೇಕಾದ ಏನೇ ಇದ್ದರೂ ಅದು ಮಾಹಿತಿ ಸರಕು. ಅದು ಕಾಗದದ ಮೇಲಿರಬಹುದು, ಡಿಸ್ಕಿನಲ್ಲಿರಬಹುದು, ನೆಟ್‌ನಲ್ಲಿ ಹರಿಯುತ್ತಿರಬಹುದು. ನಾವು ಕೊಡುವ ಬೆಲೆ ಹೆಚ್ಚಾಗಿ ಒಳಗಿರುವುದಕ್ಕೆ, ಕಾಗದಕ್ಕೋ ಡಿಸ್ಕಿಗೋ ಹೋಗುವುದು ಸ್ವಲ್ಪವೇ.

ಇದರ ಎರಡು ಗುಣ ಮುಖ್ಯ. ಒಂದು, ಮೊದಲ ಪ್ರತಿಗೆ ಸಿಕ್ಕಾಪಟ್ಟೆ ಖರ್ಚು, ಎರಡನೇ ಪ್ರತಿಯಿಂದ ಮುಂದಕ್ಕೆ ಹೆಚ್ಚುಕಮ್ಮಿ ಏನೂ ಇಲ್ಲ. ಒಂದು ನಿಘಂಟು ಮಾಡಲು ಹತ್ತು ಜನ ವರ್ಷಗಟ್ಟಲೆ ಕೂರಬೇಕು, ಆದರೆ ಮುಗಿದ ಫೈಲನ್ನು ಇನ್ನೊಬ್ಬರಿಗೆ ಕಳಿಸಲು ಒಂದು ಕ್ಷಣ ಸಾಕು. ಇನ್ನೊಂದು ಗುಣ, ಒಬ್ಬರು ಬಳಸಿದರೆ ಇನ್ನೊಬ್ಬರಿಗೆ ಕಮ್ಮಿಯಾಗುವುದಿಲ್ಲ. ದೀಪದಿಂದ ದೀಪ ಹಚ್ಚಿದರೆ ಮೊದಲ ದೀಪ ಮಂಕಾಗುತ್ತದಾ? ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ 1813ರ ಒಂದು ಪತ್ರದಲ್ಲಿ ಪೇಟೆಂಟ್ ಬಗ್ಗೆ ಬರೆಯುತ್ತಾ ಇದೇ ಹೋಲಿಕೆ ಕೊಟ್ಟಿದ್ದರು.

ಕಾಪಿ ಮಾಡೋಕೆ ಖರ್ಚೇ ಇಲ್ಲ ಅಂದಮೇಲೆ ನಾನ್ಯಾಕೆ ದುಡ್ಡು ಕೊಡಬೇಕು?

ಈ ಪ್ರಶ್ನೆ ಕೇಳುವವರನ್ನು ಜಿಪುಣರು ಅಂತ ಬೈಯುವುದು ತಪ್ಪು, ಯಾಕೆಂದರೆ ಅರ್ಥಶಾಸ್ತ್ರದ ಒಂದು ಮೂಲ ನಿಯಮವೇ ಅವರ ಪರ ಇದೆ. ಇನ್ನೊಂದು ಪ್ರತಿ ಮಾಡಲು ಎಷ್ಟು ಖರ್ಚಾಗುತ್ತದೋ ಬೆಲೆ ಅಷ್ಟಿದ್ದರೆ ಸಮಾಜಕ್ಕೆ ಅತಿ ಹೆಚ್ಚು ಲಾಭ. ಆ ಖರ್ಚು ಸೊನ್ನೆ ಆದರೆ ಬೆಲೆಯೂ ಸೊನ್ನೆ ಇರಬೇಕು. ಒಂದು ಪಾಠದ ವಿಡಿಯೋಗೆ 50 ಬೆಲೆ ಇಟ್ಟಿದ್ದಾರೆ, ನಿಮಗೆ ಅದರಿಂದ ಆಗುವ ಉಪಯೋಗ 30 ಅಂದುಕೊಳ್ಳಿ. ನೀವು ಕೊಳ್ಳುವುದಿಲ್ಲ. ನಿಮಗೆ ತೋರಿಸಿದ್ದರೆ ಯಾರಿಗೂ ನಷ್ಟ ಇರಲಿಲ್ಲ, ನಿಮಗೆ 30ರಷ್ಟು ಲಾಭ ಆಗುತ್ತಿತ್ತು. ಅದು ಸುಮ್ನೆ ಹಾಳಾಯಿತು.

ಆದರೆ ಬೆಲೆ ಸೊನ್ನೆ ಆದರೆ ವಿಡಿಯೋ ಮಾಡಿದವರ ಗತಿ ಏನು? ಅವರು ತಿಂಗಳುಗಟ್ಟಲೆ ಹಾಕಿದ ಶ್ರಮಕ್ಕೆ ಏನೂ ಬರುವುದಿಲ್ಲ, ಇನ್ನೊಂದು ಪಾಠ ಅವರು ಮಾಡುವುದಿಲ್ಲ. ಆಗಲೇ ಇರುವ ಮಾಹಿತಿ ಎಲ್ಲರಿಗೂ ತಲುಪಬೇಕು ಅಂದರೆ ಬೆಲೆ ಇರಬಾರದು, ಹೊಸ ಮಾಹಿತಿ ಹುಟ್ಟಬೇಕು ಅಂದರೆ ಬೆಲೆ ಇರಲೇಬೇಕು. ಎರಡೂ ನಿಜ. ಎರಡನ್ನೂ ಪೂರ್ತಿ ಸಾಧಿಸುವ ಬೆಲೆ ಅಂತ ಒಂದು ಇಲ್ಲವೇ ಇಲ್ಲ.

1984ರಲ್ಲಿ ಹ್ಯಾಕರ್‌ಗಳ, ಅಂದರೆ ಕಂಪ್ಯೂಟರ್ ಹುಚ್ಚಿನ ಪ್ರೋಗ್ರಾಮರ್‌ಗಳ, ಒಂದು ಸಮ್ಮೇಳನದಲ್ಲಿ ಅಮೆರಿಕದ ಲೇಖಕ ಸ್ಟೀವರ್ಟ್ ಬ್ರಾಂಡ್ ಹೇಳಿದ ಮಾತೊಂದನ್ನು ಎಲ್ಲರೂ ಎತ್ತಿ ಹೇಳುತ್ತಾರೆ: ಮಾಹಿತಿ ಉಚಿತವಾಗಲು ಬಯಸುತ್ತದೆ ಅಂತ. ಅದೇ ಉಸಿರಿನಲ್ಲಿ ಅವರು ಮಾಹಿತಿ ದುಬಾರಿಯಾಗಲೂ ಬಯಸುತ್ತದೆ, ಅದಕ್ಕಿರುವ ಮೌಲ್ಯ ಅಂಥದ್ದು ಅಂತ ಹೇಳಿದ್ದರು. ಜನ ಒಂದು ಅರ್ಧ ಮಾತ್ರ ಇಟ್ಟುಕೊಂಡರು. ಇದು ನನಗೆ ಬೇಸರದ ವಿಷಯ, ಯಾಕೆಂದರೆ ಇನ್ನೊಂದು ಅರ್ಧ ಇಲ್ಲದಿದ್ದರೆ ಆ ಮಾತಿಗೆ ತೂಕವೇ ಇಲ್ಲ.

ಹಾಗಾದ್ರೆ ಸರಕಾರವೇ ಖರ್ಚು ಹಾಕಿ ಎಲ್ಲರಿಗೂ ಉಚಿತ ಕೊಡಬಹುದಲ್ವಾ?

ಕೆಲವು ಕಡೆ ಖಂಡಿತ ಕೊಡಬೇಕು. ಅದಕ್ಕೆ ಒಂದು ಒಳ್ಳೆ ಉದಾಹರಣೆ ಲ್ಯಾಂಡ್‌ಸ್ಯಾಟ್. ಅಮೆರಿಕ 1972ರಿಂದ ಈ ಸಾಲಿನ ಉಪಗ್ರಹಗಳಿಂದ ಭೂಮಿಯ ಚಿತ್ರ ತೆಗೆಯುತ್ತಾ ಬಂದಿದೆ. ಕಾಡು, ಬೆಳೆ, ನದಿ, ಹಿಮ ಹೇಗೆ ಬದಲಾಗುತ್ತಿದೆ ಅಂತ ನೋಡುವವರಿಗೆ ಇದು ಚಿನ್ನದ ಗಣಿ. ಬಹಳ ಕಾಲ ಆ ಚಿತ್ರಗಳನ್ನು ಮಾರುತ್ತಿದ್ದರು. ಕೊನೆಯ ದಿನಗಳಲ್ಲಿ ಒಂದು ಚಿತ್ರಕ್ಕೆ ಸುಮಾರು 600 ಡಾಲರ್ ಇತ್ತು, ಅದಕ್ಕೂ ಮೊದಲು ಖಾಸಗಿ ಕಂಪನಿಯ ಕೈಯಲ್ಲಿದ್ದಾಗ ಇನ್ನೂ ಜಾಸ್ತಿ. ಮಾರಾಟ ಚೆನ್ನಾಗಿದ್ದ ವರ್ಷದಲ್ಲೂ ಹೋಗುತ್ತಿದ್ದದ್ದು ಸುಮಾರು 25 ಸಾವಿರ ಚಿತ್ರ. 2008ರಲ್ಲಿ ಪೂರ್ತಿ ಉಚಿತ ಮಾಡಿದರು. ವರ್ಷ ಎರಡು ವರ್ಷದೊಳಗೆ ಡೌನ್‌ಲೋಡ್ ವರ್ಷಕ್ಕೆ 10 ಲಕ್ಷ ದಾಟಿತು, ಆಮೇಲೂ ಏರುತ್ತಲೇ ಹೋಯಿತು.

ಇಲ್ಲಿ ನೋಡಬೇಕಾದದ್ದು ಏನು ಅಂದರೆ, ಉಪಗ್ರಹ ಆಗಲೇ ಮೇಲೆ ಇತ್ತು, ಚಿತ್ರ ಆಗಲೇ ಸರ್ವರ್‌ನಲ್ಲಿ ಇತ್ತು. ಬದಲಾಗಿದ್ದು ಬೆಲೆ ಒಂದೇ. ಒಂದೇ ಜಾಗದ 30 ವರ್ಷದ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡುವ ಸಂಶೋಧನೆಯನ್ನು ಹಿಂದೆ ಯೋಚಿಸುವುದೂ ಕಷ್ಟವಿತ್ತು, ಒಂದೊಂದು ಚಿತ್ರಕ್ಕೂ 600 ಡಾಲರ್ ಕೊಟ್ಟು ಯಾರು ಮಾಡುತ್ತಾರೆ? ಬೆಲೆಯ ಗೋಡೆಯ ಆಚೆ ಎಷ್ಟು ಜನ ಕಾಯುತ್ತಿರುತ್ತಾರೆ ಅನ್ನುವುದು ಗೋಡೆ ಬೀಳುವವರೆಗೂ ಮಾರುವವರಿಗೆ ಕಾಣುವುದೇ ಇಲ್ಲ. ಹವಾಮಾನ, ಜನಗಣತಿ, ಕಾನೂನು, ನ್ಯಾಯಾಲಯದ ತೀರ್ಪು ಇಂಥದ್ದಕ್ಕೆಲ್ಲ ತೆರಿಗೆಯಿಂದ ಒಮ್ಮೆ ಖರ್ಚು ಕೊಟ್ಟಾಗಿದೆ. ಅದನ್ನು ಜನರಿಗೇ ಮತ್ತೆ ಮಾರುವುದಕ್ಕೆ ನನಗಂತೂ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಆದರೆ ಎಲ್ಲದಕ್ಕೂ ಇದೇ ದಾರಿ ಅಂದರೆ ಯಾವ ಕಾದಂಬರಿ ಬರೆಯಬೇಕು, ಯಾವ ಸುದ್ದಿ ಹುಡುಕಬೇಕು ಅಂತ ಸರಕಾರ ತೀರ್ಮಾನ ಮಾಡಬೇಕಾಗುತ್ತದೆ. ಅದು ಬೇಡ.

ಪೈಪೋಟಿ ಇದ್ರೆ ಬೆಲೆ ತಾನಾಗೇ ಸರಿಹೋಗಲ್ವಾ?

ಪೈಪೋಟಿ ಬಂದರೆ ಬೆಲೆ ಇಳಿಯುತ್ತದೆ, ಆದರೆ ಎಲ್ಲಿ ನಿಲ್ಲುತ್ತದೆ? ಫೋನ್ ಡೈರೆಕ್ಟರಿಗಳ ಕಥೆ ನೋಡಿ. 1986ರಲ್ಲಿ ನೈನೆಕ್ಸ್ ಅನ್ನುವ ಅಮೆರಿಕದ ಫೋನ್ ಕಂಪನಿ ನ್ಯೂಯಾರ್ಕ್ ಪ್ರದೇಶದ ಡೈರೆಕ್ಟರಿಯನ್ನು ಸಿಡಿಗೆ ಹಾಕಿ ಪ್ರತಿಯೊಂದಕ್ಕೂ 10,000 ಡಾಲರಿನಂತೆ ಮಾರಿತು. ಕೊಂಡವರು ದೊಡ್ಡ ಸಂಸ್ಥೆಗಳು. ಲಾಭ ಕಂಡ ಬೇರೆಯವರು ಸುಮ್ಮನಿರಲಿಲ್ಲ. ಮುದ್ರಿತ ಡೈರೆಕ್ಟರಿಗಳನ್ನು ಕೊಂಡು, ಕಮ್ಮಿ ಕೂಲಿಗೆ ಜನರನ್ನು ಕೂರಿಸಿ ಪೂರ್ತಿ ಟೈಪ್ ಮಾಡಿಸಿ, ತಮ್ಮದೇ ಸಿಡಿ ತಂದರು. 1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಫೀಸ್ಟ್ ಪ್ರಕರಣದಲ್ಲಿ ಹೆಸರು ಮತ್ತು ನಂಬರಿನ ಸಾದಾ ಪಟ್ಟಿಗೆ ಕಾಪಿರೈಟ್ ಇಲ್ಲ ಅಂತ ತೀರ್ಪು ಕೊಟ್ಟಿತು. ಕೆಲವೇ ವರ್ಷಗಳಲ್ಲಿ ದೇಶದ ಡೈರೆಕ್ಟರಿಯೆಲ್ಲ 100 ಡಾಲರಿನೊಳಗೆ ಸಿಗತೊಡಗಿತು.

ಯಾಕೆ ಅಷ್ಟು ಬಿತ್ತು ಅಂದರೆ, ಇಬ್ಬರೂ ಮೊದಲ ಪ್ರತಿಗೆ ಖರ್ಚು ಮಾಡಿಯಾಗಿದೆ, ಅದು ಹೇಗೂ ವಾಪಸ್ ಬರುವುದಿಲ್ಲ. ಈಗ ಒಂದು ಸಿಡಿ ಜಾಸ್ತಿ ಮಾರಿದರೆ ಬಂದಷ್ಟೂ ಲಾಭ. ಹಾಗಾಗಿ ಒಬ್ಬರು ಒಂದು ಡಾಲರ್ ಇಳಿಸಿದರೆ ಇನ್ನೊಬ್ಬರು ಎರಡು ಡಾಲರ್ ಇಳಿಸುತ್ತಾರೆ. ಒಂದೇ ಥರದ ಮಾಹಿತಿ ಇಬ್ಬರ ಬಳಿ ಇದ್ದರೆ ಇಳಿತ ಪ್ರತಿಯ ಖರ್ಚಿನ ಹತ್ತಿರಕ್ಕೆ ಬಂದೇ ನಿಲ್ಲುವುದು. ಅಷ್ಟರಲ್ಲಿ ಮೊದಲ ಖರ್ಚು ಯಾರಿಗೂ ಹುಟ್ಟಿರುವುದಿಲ್ಲ.

ಅದಕ್ಕೇ ಈ ವ್ಯಾಪಾರದಲ್ಲಿ ಉಳಿದವರು ಹೆಚ್ಚಾಗಿ ಎರಡೇ ಥರ. ಒಂದೋ ಬೇರೆ ಯಾರ ಬಳಿಯೂ ಇಲ್ಲದ್ದನ್ನು ಮಾರುತ್ತಾರೆ, ಇಲ್ಲವೇ ತುಂಬಾ ದೊಡ್ಡದಾಗಿ ಬೆಳೆದು ಕಮ್ಮಿ ಬೆಲೆಯಲ್ಲೂ ಮೊದಲ ಖರ್ಚು ಹುಟ್ಟಿಸಿಕೊಳ್ಳುತ್ತಾರೆ. ಯುರೋಪು ಮೂರನೇ ದಾರಿ ಹುಡುಕಿತು: 1996ರಲ್ಲಿ ಡೇಟಾಬೇಸ್ ಕಟ್ಟಿದವರಿಗೆ 15 ವರ್ಷದ ಪ್ರತ್ಯೇಕ ಹಕ್ಕು ಕೊಟ್ಟಿತು.

ಒಂದೇ ಸಾಫ್ಟ್‌ವೇರ್‌ಗೆ ಮೂರು ಬೆಲೆ ಯಾಕೆ? ಇದು ಮೋಸ ಅಲ್ವಾ?

ಬೆಲೆಯನ್ನು ಖರ್ಚಿನ ಲೆಕ್ಕದಲ್ಲಿ ಇಡಲು ಆಗುವುದಿಲ್ಲ ಅಂದಮೇಲೆ, ಕೊಳ್ಳುವವರಿಗೆ ಅದು ಎಷ್ಟು ಬೆಲೆಬಾಳುತ್ತದೆ ಅನ್ನುವ ಲೆಕ್ಕದಲ್ಲಿ ಇಡಬೇಕು. ಕಂಪನಿಗೆ ಅದರ ಬೆಲೆ ಹತ್ತು ಸಾವಿರ, ವಿದ್ಯಾರ್ಥಿಗೆ ನೂರು. ಆದರೆ ನಿಮಗೆ ಎಷ್ಟು ಉಪಯೋಗ ಅಂತ ಕೇಳಿದರೆ ಎಲ್ಲರೂ ನೂರು ಅಂತಲೇ ಹೇಳುತ್ತಾರೆ. ಹಾಗಾಗಿ ಮಾರುವವರು ಎರಡು ಮೂರು ಥರ ಮಾಡಿ ಇಡುತ್ತಾರೆ, ಜನ ತಾವೇ ಆರಿಸಿಕೊಂಡು ಬೇರೆಯಾಗುತ್ತಾರೆ. ಷೇರು ದರ ತಕ್ಷಣ ಬೇಕಾದವರು ದುಡ್ಡು ಕೊಡುತ್ತಾರೆ, 15 ನಿಮಿಷ ತಡವಾದರೂ ಪರವಾಗಿಲ್ಲ ಅನ್ನುವವರಿಗೆ ಅದೇ ದರ ಉಚಿತ. ಮೊದಲು ಗಟ್ಟಿ ರಟ್ಟಿನ ಪುಸ್ತಕ, ಆಮೇಲೆ ಅಗ್ಗದ ಆವೃತ್ತಿ, ಇದೂ ಅದೇ.

ಇದರಲ್ಲಿ ಜನರಿಗೆ ನಿಜವಾಗಿ ಸಿಟ್ಟು ಬರಿಸುವ ಒಂದು ವಿಷಯ ಇದೆ. ಕಮ್ಮಿ ಬೆಲೆಯದ್ದನ್ನು ಮಾಡಲು ಎಷ್ಟೋ ಸಲ ಖರ್ಚು ಜಾಸ್ತಿ! ಐಬಿಎಂ 1990ರಲ್ಲಿ ಲೇಸರ್‌ಪ್ರಿಂಟರ್ ಇ ಅಂತ ಒಂದು ಅಗ್ಗದ ಪ್ರಿಂಟರ್ ತಂದಿತು. ದುಬಾರಿ ಪ್ರಿಂಟರ್ ನಿಮಿಷಕ್ಕೆ 10 ಹಾಳೆ, ಇದು 5 ಹಾಳೆ. ಎರಡೂ ಹೆಚ್ಚುಕಮ್ಮಿ ಒಂದೇ ಯಂತ್ರ, ಅಗ್ಗದ್ದರಲ್ಲಿ ಬೇಕೆಂದೇ ಕಾಯಿಸುವ ವ್ಯವಸ್ಥೆ ಸೇರಿಸಿದ್ದರು. ಇಂಟೆಲ್‌ನ 486ಎಸ್‌ಎಕ್ಸ್ 1991ರಲ್ಲಿ ಬಂತು. ಅದು 486ಡಿಎಕ್ಸ್ ಚಿಪ್ಪೇ, ಗಣಿತದ ಭಾಗವನ್ನು ನಿಷ್ಕ್ರಿಯ ಮಾಡಿದ್ದರು ಅಷ್ಟೇ. ಇವು ಪ್ರಿಂಟರ್, ಚಿಪ್ಪು ನಿಜ, ಆದರೆ ಲೆಕ್ಕ ಮಾಹಿತಿ ಸರಕಿನದ್ದೇ, ಸಾಫ್ಟ್‌ವೇರ್‌ನಲ್ಲಂತೂ ಇದು ದಿನದ ಕೆಲಸ.

ಮೋಸ ಅನ್ನಬಹುದಾ? ನಾನು ಒಂದು ಪ್ರಶ್ನೆಯಿಂದ ಅಳೆಯುತ್ತೇನೆ: ಅಗ್ಗದ ಆವೃತ್ತಿ ಇಲ್ಲದಿದ್ದರೆ ಏನಾಗುತ್ತಿತ್ತು? ಎಲ್ಲರಿಗೂ ಒಳ್ಳೆಯದು ಅಗ್ಗವಾಗಿ ಸಿಗುತ್ತಿತ್ತು ಅಂದರೆ ಅದು ಅನ್ಯಾಯ. ದುಬಾರಿಯದ್ದು ಒಂದೇ ಉಳಿದು ಬಡವರು ಹೊರಗೇ ನಿಲ್ಲುತ್ತಿದ್ದರು ಅಂದರೆ, ಬೇಕೆಂದೇ ಕೆಡಿಸಿದ ಆವೃತ್ತಿಯಿಂದಲೂ ಹೆಚ್ಚು ಜನರಿಗೆ ಅನುಕೂಲ ಆಗಿದೆ. ಬಹಳ ಸಲ ಎರಡನೆಯದೇ ನಿಜ. ಆದರೆ ಹುಡುಕಾಟದ ಇತಿಹಾಸ, ಫೋನಿನ ಮಾಡೆಲ್ ನೋಡಿ ನಿಮಗೆ ಗೊತ್ತಿಲ್ಲದ ಹಾಗೆ ನಿಮಗೊಂದು ಬೆಲೆ, ಪಕ್ಕದವರಿಗೊಂದು ಬೆಲೆ ತೋರಿಸುವುದು ಬೇರೆ ವಿಷಯ. ಅಲ್ಲಿ ಆರಿಸುವವರು ನೀವಲ್ಲ.

ನನಗೆ ಒಂದೇ ಬೇಕು, ಹತ್ತು ಸೇರಿಸಿ ಯಾಕೆ ಮಾರ್ತಾರೆ?

ಚಿಕ್ಕ ಲೆಕ್ಕ ಮಾಡೋಣ. ಎರಡು ಸಾಫ್ಟ್‌ವೇರ್ ಇವೆ, ಒಂದು ಚಿತ್ರ ಬಿಡಿಸಲು, ಒಂದು ಲೆಕ್ಕ ಇಡಲು. ಒಬ್ಬ ಕಲಾವಿದೆಗೆ ಮೊದಲನೆಯದು 100, ಎರಡನೆಯದು 40 ಬೆಲೆಬಾಳುತ್ತದೆ. ಒಬ್ಬ ಅಕೌಂಟೆಂಟ್‌ಗೆ ತಿರುಗಾಮುರುಗಾ, ಚಿತ್ರದ್ದು 40, ಲೆಕ್ಕದ್ದು 100. ಬಿಡಿಯಾಗಿ 100ಕ್ಕೆ ಮಾರಿದರೆ ಒಬ್ಬೊಬ್ಬರು ಒಂದೊಂದು ಕೊಳ್ಳುತ್ತಾರೆ, ಬರುವುದು 200. ಬಿಡಿಯಾಗಿ 40ಕ್ಕೆ ಇಳಿಸಿದರೆ ಇಬ್ಬರೂ ಎರಡನ್ನೂ ಕೊಳ್ಳುತ್ತಾರೆ, ಬರುವುದು 160. ಎರಡನ್ನೂ ಸೇರಿಸಿ 140ಕ್ಕೆ ಮಾರಿದರೆ? ಇಬ್ಬರೂ ಕೊಳ್ಳುತ್ತಾರೆ, 280 ಬರುತ್ತದೆ. ಇಬ್ಬರ ರುಚಿ ಬೇರೆ ಇದ್ದರೂ ಒಟ್ಟು ಮೊತ್ತ ಒಂದೇ ಆಯಿತು ನೋಡಿ.

ಸಂಶೋಧಕರಾದ ಯಾನಿಸ್ ಬಾಕೋಸ್ ಮತ್ತು ಎರಿಕ್ ಬ್ರಿನ್‌ಯಾಲ್ಫ್‌ಸನ್ 1999ರಲ್ಲಿ ತೋರಿಸಿದ್ದು, ಪ್ರತಿಯ ಖರ್ಚು ಸೊನ್ನೆಯ ಹತ್ತಿರ ಇದ್ದಾಗ ಸಾವಿರಾರು ವಸ್ತು ಸೇರಿಸಿದಷ್ಟೂ ಈ ಲಾಭ ಬೆಳೆಯುತ್ತದೆ ಅಂತ. ಹಾಡಿನ ಆ್ಯಪ್, ಸಿನಿಮಾ ಚಂದಾ, ವಿಶ್ವವಿದ್ಯಾಲಯಗಳಿಗೆ ಮಾರುವ ಸಂಶೋಧನಾ ಪತ್ರಿಕೆಗಳ (ಜರ್ನಲ್‌ಗಳ) ಕಟ್ಟು, ಎಲ್ಲಾ ಇದೇ ಲೆಕ್ಕದ ಮೇಲೆ ನಿಂತಿವೆ. ಬಳಸುವವರಿಗೂ ಇದು ಎಷ್ಟೋ ಸಲ ಒಳ್ಳೆಯದೇ, ಬಿಡಿಯಾಗಿ ಯಾವತ್ತೂ ಕೊಳ್ಳದ ಹಾಡನ್ನು ಕೇಳುತ್ತೀರಿ. ತೊಂದರೆ ಆಗುವುದು ಸಣ್ಣ ಪೈಪೋಟಿದಾರರಿಗೆ. ಅವರ ಬಳಿ ಒಂದೇ ಒಳ್ಳೆ ವಸ್ತು ಇರುತ್ತದೆ, ಕಟ್ಟಿನಲ್ಲಿ ಅದೇ ಥರದ್ದು ಆಗಲೇ ಸಿಕ್ಕಿರುವ ಗ್ರಾಹಕ ಅವರ ಕಡೆ ತಿರುಗಿಯೂ ನೋಡುವುದಿಲ್ಲ. ಜರ್ನಲ್ ಕಟ್ಟುಗಳಲ್ಲಿ ಇನ್ನೊಂದು ಕಷ್ಟ ಇದೆ: ಗ್ರಂಥಾಲಯದ ಬಜೆಟ್ಟಿನ ಬಹುಪಾಲು ಎರಡು ಮೂರು ಪ್ರಕಾಶಕರ ಕಟ್ಟಿಗೇ ಹೋಗಿ, ಸಣ್ಣ ಪ್ರಕಾಶಕರ ಪುಸ್ತಕ ಕೊಳ್ಳಲು ಏನೂ ಉಳಿಯುವುದಿಲ್ಲ.

ಓದೋ ಮೊದಲೇ ಚೆನ್ನಾಗಿದೆ ಅಂತ ಹೇಗೆ ಗೊತ್ತಾಗೋದು?

ಗೊತ್ತಾಗುವುದಿಲ್ಲ. ಅದೇ ಕಷ್ಟ. ಬಳಸಿ ನೋಡಿದ ಮೇಲೆ ಮಾತ್ರ ಗುಣ ತಿಳಿಯುವ ಸರಕುಗಳ ಬಗ್ಗೆ ಅರ್ಥಶಾಸ್ತ್ರಜ್ಞ ಫಿಲಿಪ್ ನೆಲ್ಸನ್ 1970ರಲ್ಲೇ ಬರೆದಿದ್ದರು. ಮಾಹಿತಿಯಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 1962ರಲ್ಲಿ ಕೆನ್ನೆತ್ ಆರೋ ತೋರಿಸಿಕೊಟ್ಟ ಒಂದು ಸಿಕ್ಕು ಇದೆ: ಮಾಹಿತಿ ಏನು ಅಂತ ತಿಳಿಯದೆ ಅದರ ಬೆಲೆ ಕಟ್ಟಲು ಕೊಳ್ಳುವವರಿಗೆ ಆಗುವುದಿಲ್ಲ, ತಿಳಿದುಬಿಟ್ಟರೆ ಅದು ಆಗಲೇ ಅವರದ್ದಾಗಿದೆ, ದುಡ್ಡು ಕೊಡುವ ಅಗತ್ಯವೇ ಇಲ್ಲ.

ಹೊಸ ಐಡಿಯಾ ಹಿಡಿದು ದೊಡ್ಡ ಕಂಪನಿಯ ಬಾಗಿಲು ತಟ್ಟುವವರು ಈ ಸಿಕ್ಕಿನಲ್ಲೇ ಸಿಗುವುದು. ಹೇಳಿದರೆ ಕದಿಯುತ್ತಾರೆ ಅನ್ನುವ ಭಯ, ಹೇಳದಿದ್ದರೆ ಯಾರೂ ಕೊಳ್ಳುವುದಿಲ್ಲ. ಗುಟ್ಟು ಬಿಡಬಾರದು ಅನ್ನುವ ಒಪ್ಪಂದ, ಪೇಟೆಂಟ್, ಮೊದಲ ಅಧ್ಯಾಯ ಉಚಿತ, 30 ದಿನದ ಟ್ರಯಲ್, ಟ್ರೇಲರ್, ವಿಮರ್ಶೆ, ಸ್ಟಾರ್ ರೇಟಿಂಗ್, ಇವೆಲ್ಲ ಈ ಸಿಕ್ಕನ್ನು ಸ್ವಲ್ಪ ಸಡಿಲ ಮಾಡುವ ಉಪಾಯಗಳು. ಎಲ್ಲಕ್ಕಿಂತ ಗಟ್ಟಿಯಾದದ್ದು ಹೆಸರು. ನಾವು ಒಂದು ಪತ್ರಿಕೆಯ ನಾಳೆಯ ಸಂಚಿಕೆಗೆ ಇವತ್ತೇ ಚಂದಾ ಕಟ್ಟುತ್ತೇವೆ ಅಂದರೆ, ನಿನ್ನೆಯದನ್ನು ನಂಬಿ. ಆ ಹೆಸರು ಕಟ್ಟಲು ವರ್ಷಗಳು ಬೇಕು. ಆ ವರ್ಷಗಳ ಖರ್ಚೂ ಮೊದಲ ಪ್ರತಿಯ ಖರ್ಚಿನಲ್ಲಿ ಸೇರುತ್ತದೆ, ಅದನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ.

ಗುಣ ತಿಳಿಯದೇ ಇದ್ದಾಗ ಕೆಟ್ಟದ್ದು ಒಳ್ಳೆಯದನ್ನು ಹೊರದೂಡುತ್ತದೆ ಅಂತ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರುಗಳ ಉದಾಹರಣೆ ಕೊಟ್ಟು ತೋರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಬಂತು. ನಕಲಿ ವಿಮರ್ಶೆಗಳ ಬಗ್ಗೆ ನಾನು ಇಷ್ಟು ತಲೆಕೆಡಿಸಿಕೊಳ್ಳುವುದು ಇದಕ್ಕೇ. ಅವು ಒಬ್ಬ ಗ್ರಾಹಕನನ್ನು ಮಾತ್ರ ಮೋಸ ಮಾಡುವುದಿಲ್ಲ, ಪ್ರಾಮಾಣಿಕವಾಗಿ ಒಳ್ಳೆ ಕೆಲಸ ಮಾಡಿದವರಿಗೆ ಅದನ್ನು ತೋರಿಸುವ ದಾರಿಯನ್ನೇ ಮುಚ್ಚುತ್ತವೆ.

ಪೂರ್ತಿ ಉಚಿತ ಕೊಡೋರಿಗೆ ದುಡ್ಡು ಎಲ್ಲಿಂದ?

ಹೆಚ್ಚಾಗಿ ಜಾಹೀರಾತಿನಿಂದ. ಹರ್ಬರ್ಟ್ ಸೈಮನ್ 1971ರಲ್ಲೇ ಹೇಳಿದ್ದರು, ಮಾಹಿತಿ ಹೆಚ್ಚಾದಷ್ಟೂ ಗಮನಕ್ಕೆ ಬರ ಬರುತ್ತದೆ ಅಂತ. ಬರ ಇರುವುದಕ್ಕೇ ಬೆಲೆ. ಹುಡುಕುವ ಯಂತ್ರ, ವಿಡಿಯೋ ತಾಣ, ಸೋಷಿಯಲ್ ಮೀಡಿಯಾ ಎಲ್ಲವೂ ಒಂದು ಕಡೆ ನಮ್ಮನ್ನು ಉಚಿತವಾಗಿ ಸೇರಿಸಿ ಇನ್ನೊಂದು ಕಡೆ ನಮ್ಮ ಗಮನವನ್ನು ಮಾರುತ್ತವೆ. ಇಂಥ ಎರಡು ಬದಿಯ ಮಾರುಕಟ್ಟೆಗಳ ಬಗ್ಗೆ ಜಾನ್-ಶಾರ್ಲ್ ರೋಶೆ ಮತ್ತು ಜಾನ್ ತಿರೋಲ್ 2003ರಲ್ಲಿ ಬರೆದದ್ದು ಇವತ್ತಿಗೂ ಆಧಾರ: ಯಾವ ಬದಿಯವರು ಬಂದರೆ ಇನ್ನೊಂದು ಬದಿಯವರಿಗೆ ಜಾಸ್ತಿ ಲಾಭವೋ ಅವರಿಗೆ ಬೆಲೆ ಕಮ್ಮಿ, ಬೇಕಾದರೆ ಸೊನ್ನೆ.

ಇಲ್ಲಿ ಮೊದಲ ಪ್ರತಿಯ ಖರ್ಚು ಯಾರು ಕೊಟ್ಟರು ಅಂತ ಕೇಳಿ. ಜಾಹೀರಾತು ಕೊಟ್ಟವರು. ಅವರು ಅದನ್ನು ಸೋಪಿನ ಬೆಲೆಯಲ್ಲೋ ಫೋನಿನ ಬೆಲೆಯಲ್ಲೋ ಸೇರಿಸಿ ನಮ್ಮಿಂದಲೇ ವಸೂಲಿ ಮಾಡುತ್ತಾರೆ. ಜೊತೆಗೆ ಏನು ತಯಾರಾಗಬೇಕು ಅನ್ನುವುದನ್ನೂ ಜಾಹೀರಾತೇ ತೀರ್ಮಾನ ಮಾಡಲು ಶುರುಮಾಡುತ್ತದೆ. ಒಬ್ಬರ ಬದುಕನ್ನು ಬದಲಿಸುವ ಲೇಖನಕ್ಕೂ ಸಾವಿರ ಜನ ಸುಮ್ನೆ ಕ್ಲಿಕ್ ಮಾಡುವ ಲೇಖನಕ್ಕೂ ಜಾಹೀರಾತಿನ ಲೆಕ್ಕದಲ್ಲಿ ಗೆಲ್ಲುವುದು ಎರಡನೆಯದೇ. ಚಂದಾ ಕಟ್ಟುವ ಓದುಗರು ಕಮ್ಮಿ ಇದ್ದರೂ ಅವರಿಗೆ ಲೇಖನ ಎಷ್ಟು ಮುಖ್ಯ ಅನ್ನುವುದು ಆ ಚಂದಾದಲ್ಲಿ ಕಾಣುತ್ತದೆ.

ಪ್ರತಿ ಕ್ಷೇತ್ರದಲ್ಲೂ ಒಬ್ಬರೇ ಯಾಕೆ ಗೆಲ್ತಾರೆ?

ಎರಡು ಕಾರಣ ಒಂದರ ಮೇಲೊಂದು ಬೀಳುತ್ತವೆ. ಮೊದಲ ಖರ್ಚು ಒಂದೇ ಸಲ ಆಗುವುದರಿಂದ ಹೆಚ್ಚು ಗ್ರಾಹಕರು ಇದ್ದವರಿಗೆ ತಲಾ ಖರ್ಚು ಕಮ್ಮಿ. ಅದರ ಜೊತೆಗೆ ಬಳಸುವವರು ಹೆಚ್ಚಾದಷ್ಟೂ ವಸ್ತುವೇ ಹೆಚ್ಚು ಉಪಯುಕ್ತವಾಗುತ್ತದೆ. ಜೆಫ್ರಿ ರಾಲ್ಫ್ಸ್ 1974ರಲ್ಲಿ ಇದನ್ನು ದೂರಸಂಪರ್ಕದ ಲೆಕ್ಕದಲ್ಲಿ ತೋರಿಸಿದರು. ಜಗತ್ತಿನಲ್ಲಿ ಒಂದೇ ಫೋನ್ ಇದ್ದರೆ ಅದರಿಂದ ಏನೂ ಆಗದು.

ಸೇರಿದ ಮೇಲೆ ಬಿಡುವುದು ಕಷ್ಟ. ನಿಮ್ಮ ಫೋಟೋ, ಸಂಪರ್ಕಗಳು, ಹತ್ತು ವರ್ಷದ ಲೆಕ್ಕದ ಫೈಲು ಎಲ್ಲಾ ಅಲ್ಲೇ ಇರುತ್ತವೆ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಕಾನೂನು, ನಿಮ್ಮ ಡೇಟಾವನ್ನು ಬೇರೆ ಕಡೆ ಒಯ್ಯುವ ಹಕ್ಕು ಕೊಡುತ್ತದೆ. ಒಳ್ಳೆ ಹೆಜ್ಜೆ. ಆದರೆ ಸ್ನೇಹಿತರನ್ನು ಫೈಲಿನಲ್ಲಿ ಕಟ್ಟಿಕೊಂಡು ಹೋಗಲು ಆಗುವುದಿಲ್ಲವಲ್ಲ. ಬೇರೆ ಬೇರೆ ಕಂಪನಿಯ ಇಮೇಲ್‌ಗಳು ಒಂದಕ್ಕೊಂದು ಮಾತಾಡುವ ಹಾಗೆ ಮೆಸೇಜಿನ ಆ್ಯಪ್‌ಗಳೂ ಮಾತಾಡಬೇಕು ಅಂತ ನಿಯಮ ಮಾಡುವುದೇ ನನ್ನ ಪ್ರಕಾರ ಹೆಚ್ಚು ಕೆಲಸ ಮಾಡುವ ಮದ್ದು.

ಗೆದ್ದವರು ಶಾಶ್ವತ ಅಂತಲೂ ಅಲ್ಲ. ಬ್ರಿಟಾನಿಕಾ ವಿಶ್ವಕೋಶ 1768ರಿಂದ ಬರುತ್ತಿತ್ತು. ಮೈಕ್ರೋಸಾಫ್ಟ್ 1993ರಲ್ಲಿ ಎನ್‌ಕಾರ್ಟಾ ಅನ್ನುವ ವಿಶ್ವಕೋಶದ ಸಿಡಿ ತಂದು ಅದರ ಬುಡ ಅಲ್ಲಾಡಿಸಿತು. 2001ರಲ್ಲಿ ವಿಕಿಪೀಡಿಯ ಬಂತು, 2009ರಲ್ಲಿ ಎನ್‌ಕಾರ್ಟಾ ಮುಚ್ಚಿತು, 2012ರಲ್ಲಿ ಬ್ರಿಟಾನಿಕಾ ಮುದ್ರಣ ನಿಲ್ಲಿಸುವುದಾಗಿ ಹೇಳಿತು.

ಕಾಪಿರೈಟ್ ಎಷ್ಟು ವರ್ಷ ಇರಬೇಕು?

ಬ್ರಿಟನ್ನಿನ 1710ರ ಕಾನೂನಿನಲ್ಲಿ ಹೊಸ ಪುಸ್ತಕಕ್ಕೆ 14 ವರ್ಷ ಇತ್ತು, ಲೇಖಕರು ಬದುಕಿದ್ದರೆ ಇನ್ನೊಂದು 14. ಈಗ ಬರ್ನ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಸಾಮಾನ್ಯವಾಗಿ ಲೇಖಕರು ತೀರಿಕೊಂಡ ಮೇಲೆ ಕನಿಷ್ಠ 50 ವರ್ಷ, ಯುರೋಪ್ ಮತ್ತು ಅಮೆರಿಕದಲ್ಲಿ 70. ಅಮೆರಿಕ 1998ರಲ್ಲಿ ಇನ್ನೂ 20 ವರ್ಷ ಸೇರಿಸಿದಾಗ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿದರು. 17 ಅರ್ಥಶಾಸ್ತ್ರಜ್ಞರು ಸೇರಿ ಸುಪ್ರೀಂ ಕೋರ್ಟಿಗೆ ತಮ್ಮ ಅಭಿಪ್ರಾಯ ಬರೆದು ಕೊಟ್ಟರು. ಅವರಲ್ಲಿ ಐವರು ನೊಬೆಲ್ ಪಡೆದವರು. ಮಿಲ್ಟನ್ ಫ್ರೀಡ್‌ಮನ್ ಮತ್ತು ಕೆನ್ನೆತ್ ಆರೋ ಥರ ಬೇರೆ ಬೇರೆ ನಿಲುವಿನವರು ಒಂದೇ ಕಾಗದಕ್ಕೆ ಸಹಿ ಹಾಕಿದ್ದರು. ಅವರ ಲೆಕ್ಕ ಸರಳ: ಅಷ್ಟು ದೂರದ ಭವಿಷ್ಯದಲ್ಲಿ ಬರುವ ಹಣಕ್ಕೆ ಇವತ್ತಿನ ಬೆಲೆ ಕಟ್ಟಿದರೆ, ಹೊಸದಾಗಿ ಬರೆಯುವವರ ಗಳಿಕೆ ಹೆಚ್ಚುವುದು ಶೇಕಡಾ 1ರ ಒಳಗೆ. ಆಗಲೇ ಬರೆದು ಮುಗಿಸಿದ ಕೃತಿಗಳಿಗೆ ಅವಧಿ ಹೆಚ್ಚಿಸಿದರೆ ಪ್ರೋತ್ಸಾಹ ಅಂತೂ ಸಿಗುವುದೇ ಇಲ್ಲ, ಬರೆದಾಗಿದೆಯಲ್ಲ. 2003ರಲ್ಲಿ ಕೋರ್ಟ್ 7-2ರ ಬಹುಮತದಿಂದ ಕಾನೂನನ್ನು ಎತ್ತಿಹಿಡಿಯಿತು.

ಪೇಟೆಂಟ್ 20 ವರ್ಷ, ಕಾಪಿರೈಟ್ ಅದರ ಐದಾರು ಪಟ್ಟು ಆಗಬಹುದು. ಮೊದಲ ಪ್ರತಿಯ ಖರ್ಚು ಹುಟ್ಟಲು ಇಷ್ಟು ಕಾಲ ಬೇಕಾದ ಪುಸ್ತಕ ನನಗೆ ಗೊತ್ತಿಲ್ಲ. ಮಾರಾಟವೂ ಇಲ್ಲದೆ ಮರುಮುದ್ರಣವೂ ಇಲ್ಲದೆ ಯಾರ ಹಕ್ಕು ಅಂತಲೂ ತಿಳಿಯದೆ ಕೊಳೆಯುತ್ತಿರುವ ಪುಸ್ತಕಗಳೇ ಈ ದೀರ್ಘ ಅವಧಿಯ ನಿಜವಾದ ನಷ್ಟ.

ಪೈರಸಿಯಿಂದ ನಿಜವಾಗಿ ಎಷ್ಟು ನಷ್ಟ?

ಕದ್ದ ಪ್ರತಿ ಎಷ್ಟೋ ಅಷ್ಟೂ ಮಾರಾಟ ಹೋಯಿತು ಅನ್ನುವ ಲೆಕ್ಕ ತಪ್ಪು, ಅವರಲ್ಲಿ ಬಹಳ ಜನ ಆ ಬೆಲೆಗೆ ಕೊಳ್ಳುತ್ತಲೇ ಇರಲಿಲ್ಲ. ಏನೂ ನಷ್ಟ ಇಲ್ಲ ಅನ್ನುವುದೂ ತಪ್ಪು. ಜನ ಹಾಡುಗಳನ್ನು ದುಡ್ಡಿಲ್ಲದೆ ಹಂಚಿಕೊಳ್ಳುತ್ತಿದ್ದ ನ್ಯಾಪ್‌ಸ್ಟರ್ ಅನ್ನುವ ತಾಣ 1999ರಲ್ಲಿ ಶುರುವಾಗಿ 2001ರಲ್ಲಿ ಮುಚ್ಚಿದರೂ ಜಗತ್ತಿನ ರೆಕಾರ್ಡ್ ಸಂಗೀತದ ಆದಾಯ 2014ರವರೆಗೆ ಕುಸಿಯುತ್ತಲೇ ಹೋಯಿತು. ಎಲ್ಲವೂ ಪೈರಸಿಯಿಂದಲೇ ಅಲ್ಲ, ಇಡೀ ಆಲ್ಬಮ್ ಬಿಟ್ಟು ಒಂದೇ ಹಾಡು ಕೊಳ್ಳುವ ಅವಕಾಶ ಬಂದದ್ದೂ ಕಾರಣ. ಆಪಲ್‌ನ ಐಟ್ಯೂನ್ಸ್ ಅಂಗಡಿ 2003ರಲ್ಲಿ ಹಾಡಿಗೆ 99 ಸೆಂಟ್ ಇಟ್ಟಿತು. ಆದಾಯವನ್ನು ಮತ್ತೆ ಮೇಲೆತ್ತಿದ್ದು ಸ್ಟ್ರೀಮಿಂಗ್ ಚಂದಾ, ಅಂದರೆ ಮೇಲೆ ಹೇಳಿದ ಕಟ್ಟು. ಹುಡುಕಿ ಕದಿಯುವುದಕ್ಕಿಂತ ದುಡ್ಡು ಕೊಟ್ಟು ಕೇಳುವುದು ಸುಲಭ ಆದಾಗ ಜನ ಕೊಟ್ಟರು.

ಇ-ಪುಸ್ತಕ ಕೊಂಡಿದ್ದೀನಿ, ಓದಿ ಮುಗಿಸಿ ಬೇರೆಯವರಿಗೆ ಮಾರಬಹುದಾ?

ಸಾಮಾನ್ಯವಾಗಿ ಇಲ್ಲ. ಮುದ್ರಿತ ಪುಸ್ತಕ ನಿಮ್ಮದು, ಇ-ಪುಸ್ತಕದಲ್ಲಿ ನಿಮಗೆ ಸಿಗುವುದು ಓದುವ ಪರವಾನಗಿ. ಯುರೋಪಿನ ನ್ಯಾಯಾಲಯ 2012ರಲ್ಲಿ ಬಳಸಿದ ಸಾಫ್ಟ್‌ವೇರ್ ಪರವಾನಗಿ ಮಾರಬಹುದು ಅಂದಿತು, 2019ರಲ್ಲಿ ಇ-ಪುಸ್ತಕಕ್ಕೆ ಅದು ಅನ್ವಯಿಸುವುದಿಲ್ಲ ಅಂದಿತು. ಹಳೆಯ ಡಿಜಿಟಲ್ ಪ್ರತಿ ಹೊಸದರಷ್ಟೇ ಚೆನ್ನಾಗಿರುತ್ತದೆ, ಹಾಗಾಗಿ ಹೊಸದರ ಮಾರಾಟವೇ ನಿಲ್ಲುತ್ತದೆ ಅನ್ನುವುದು ಪ್ರಕಾಶಕರ ವಾದ. ಇದರಲ್ಲಿ ಹುರುಳಿದೆ. ಆದರೆ 2009ರಲ್ಲಿ ಅಮೆಜಾನ್, ಮಾರುವ ಹಕ್ಕಿಲ್ಲದ ವ್ಯಾಪಾರಿ ಹಾಕಿದ್ದವು ಅಂತ ಹೇಳಿ, ಜನ ದುಡ್ಡು ಕೊಟ್ಟು ಕೊಂಡ ಪುಸ್ತಕಗಳನ್ನು ಅವರ ಕಿಂಡಲ್ ಅನ್ನುವ ಇ-ಪುಸ್ತಕ ಓದುವ ಸಾಧನದಿಂದಲೇ ಅಳಿಸಿತು. ಹಣ ವಾಪಸ್ ಕೊಟ್ಟಿತು, ಆಮೇಲೆ ಕ್ಷಮೆಯನ್ನೂ ಕೇಳಿತು. ಹೀಗಿರುವಾಗ ಬಟನ್ ಮೇಲೆ "ಕೊಳ್ಳಿ" ಅಂತ ಬರೆಯುವುದು ಸರಿಯಲ್ಲ.

ಓಪನ್ ಸೋರ್ಸ್‌ನಲ್ಲಿ ಯಾರೂ ದುಡ್ಡು ಕೊಡಲ್ಲ, ಆದ್ರೂ ನಡೀತಿದೆಯಲ್ಲ?

ಓಪನ್ ಸೋರ್ಸ್ ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ, ಬಳಸಿ, ಬದಲಿಸಬಹುದಾದ ಸಾಫ್ಟ್‌ವೇರ್. ಅದಕ್ಕೂ ಯಾರೋ ದುಡ್ಡು ಕೊಡುತ್ತಿದ್ದಾರೆ. ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್ ಆದ ಲಿನಕ್ಸ್ 1991ರಲ್ಲಿ ಒಬ್ಬ ವಿದ್ಯಾರ್ಥಿಯ ಕೆಲಸವಾಗಿ ಶುರುವಾಯಿತು, ಈಗ ಅದರ ಕೋಡ್ ಬರೆಯುವವರಲ್ಲಿ ಬಹುತೇಕರಿಗೆ ದೊಡ್ಡ ಕಂಪನಿಗಳು ಸಂಬಳ ಕೊಡುತ್ತವೆ. ಕಂಪನಿಗಳು ಸರ್ವರ್, ಚಿಪ್ಪು, ಸೇವೆ ಮಾರಿ ಗಳಿಸುತ್ತವೆ, ಲಿನಕ್ಸ್ ಚೆನ್ನಾಗಿದ್ದರೆ ಅವೂ ಚೆನ್ನಾಗಿ ಹೋಗುತ್ತವೆ. ಇಂಥ ನಂಟು ಇಲ್ಲದ ಕಡೆ ಅಪಾಯ. ಇಂಟರ್‌ನೆಟ್ಟಿನ ದೊಡ್ಡ ಭಾಗ ನಂಬಿದ್ದ, ನೆಟ್‌ನಲ್ಲಿ ಹೋಗುವ ಮಾಹಿತಿಗೆ ಬೀಗ ಹಾಕುವ ಓಪನ್‌ಎಸ್‌ಎಸ್‌ಎಲ್ ಅನ್ನು ಬೆರಳೆಣಿಕೆಯ ಜನ ಚಿಲ್ಲರೆ ದೇಣಿಗೆಯಲ್ಲಿ ನೋಡಿಕೊಳ್ಳುತ್ತಿದ್ದರು. 2014ರಲ್ಲಿ ಹಾರ್ಟ್‌ಬ್ಲೀಡ್ ಅನ್ನುವ ದೋಷ ಸಿಕ್ಕಿದಾಗಲೇ ಎಲ್ಲರಿಗೂ ಇದು ಗೊತ್ತಾದದ್ದು. ಆಮೇಲೆ ಕಂಪನಿಗಳು ಸೇರಿ ನಿಧಿ ಮಾಡಿದವು.

ಎಐ ಬಂದಮೇಲೆ ಈ ಲೆಕ್ಕ ಬದಲಾಗಿದೆಯಾ?

ಅರ್ಧ ಬದಲಾಗಿದೆ. ಮಾಡೆಲ್, ಅಂದರೆ ಪಠ್ಯದಿಂದ ಕಲಿತು ಉತ್ತರ ಕೊಡುವ ಎಐ ಪ್ರೋಗ್ರಾಮ್, ತಯಾರಿಸುವುದು ಒಂದೇ ಸಲದ ದೊಡ್ಡ ಖರ್ಚು, ಇದು ಹಳೆಯ ಕಥೆಯೇ. ಆದರೆ ಪ್ರತಿ ಉತ್ತರಕ್ಕೂ ಚಿಪ್ಪು, ವಿದ್ಯುತ್ ಬೇಕು, ಹಾಗಾಗಿ ಮುಂದಿನ ಪ್ರತಿಯ ಖರ್ಚು ಸೊನ್ನೆ ಅಲ್ಲ. ಒಂದೇ ಚಂದಾಗೆ ಎಷ್ಟು ಬೇಕಾದರೂ ಬಳಸಿ ಅನ್ನಲು ಕಷ್ಟ ಆಗುವುದು, ಮಿತಿ ಹಾಕುವುದು ಇದರಿಂದಲೇ.

ಇನ್ನೊಂದು ಕಡೆ, ಮಾಡೆಲ್ ಕಲಿತದ್ದು ಬೇರೆಯವರು ಖರ್ಚು ಮಾಡಿ ಬರೆದ ಪಠ್ಯದಿಂದ. 2023ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಮತ್ತು ಮೈಕ್ರೋಸಾಫ್ಟ್ ಮೇಲೆ ಮೊಕದ್ದಮೆ ಹೂಡಿತು, ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಅದೇ ವರ್ಷ ಓಪನ್‌ಎಐ ಜೊತೆ ಪರವಾನಗಿ ಒಪ್ಪಂದ ಮಾಡಿಕೊಂಡಿತು. ವರದಿಗಾರರನ್ನು ಸ್ಥಳಕ್ಕೆ ಕಳಿಸಿ ಸುದ್ದಿ ತಂದವರಿಗೆ ಏನೂ ಬಾರದೆ, ಅದರ ಸಾರ ಹೇಳಿದವರಿಗೆ ಮಾತ್ರ ಆದಾಯ ಬಂದರೆ ನಾಳೆ ವರದಿಗಾರರನ್ನು ಕಳಿಸುವವರು ಯಾರು? ಷೇರುಪೇಟೆಯ ಬಗ್ಗೆ ಗ್ರಾಸ್‌ಮನ್ ಮತ್ತು ಸ್ಟಿಗ್ಲಿಟ್ಜ್ 1980ರಲ್ಲಿ ಇಂಥದ್ದೇ ಮಾತು ಹೇಳಿದ್ದರು: ಬೆಲೆಯಲ್ಲೇ ಎಲ್ಲ ಮಾಹಿತಿ ಉಚಿತವಾಗಿ ಕಾಣುವುದಾದರೆ ಮಾಹಿತಿ ಹುಡುಕಲು ಯಾರೂ ಖರ್ಚು ಮಾಡುವುದಿಲ್ಲ.

ನಾನು ಒಬ್ಬನೇ ಸಣ್ಣದಾಗಿ ಡಿಜಿಟಲ್ ವಸ್ತು ಮಾರ್ತೀನಿ. ಬೆಲೆ ಹೇಗೆ ಇಡಲಿ?

ನೀವು ಪಟ್ಟ ಶ್ರಮವನ್ನು ಗಂಟೆಗೆ ಇಷ್ಟು ಅಂತ ಗುಣಿಸಿ ಬೆಲೆ ಇಡಬೇಡಿ, ಕೊಳ್ಳುವವರಿಗೆ ಆ ಗಂಟೆಗಳು ಕಾಣುವುದಿಲ್ಲ. ಅವರಿಗೆ ಎಷ್ಟು ಸಮಯ, ಎಷ್ಟು ದುಡ್ಡು ಉಳಿಯುತ್ತದೆ ಅಂತ ನೋಡಿ. ದುಬಾರಿ ಆವೃತ್ತಿಯನ್ನು ಮೊದಲು ಮಾಡಿ, ಆಮೇಲೆ ಅದರಿಂದ ಸ್ವಲ್ಪ ತೆಗೆದು ಅಗ್ಗದ್ದನ್ನು ಮಾಡಿ. ತೆಗೆಯುವುದು ಕಂಪನಿಗಳಿಗೆ ತುಂಬಾ ಬೇಕಾದದ್ದು, ಸಾಮಾನ್ಯ ಬಳಕೆದಾರರಿಗೆ ಅಷ್ಟಾಗಿ ಬೇಡದ್ದು ಆಗಿರಲಿ. ಹತ್ತು ಜನ ಒಟ್ಟಿಗೆ ಬಳಸುವ ಸೌಲಭ್ಯ, ಬೇಗ ಸಿಗುವ ನೆರವು ಇಂಥವು. ಫೈಲ್ ಸೇವ್ ಮಾಡುವುದನ್ನೇ ತೆಗೆದರೆ ಜನ ಬಿಟ್ಟು ಹೋಗುತ್ತಾರೆ.

ಒಂದು ಭಾಗ ಪೂರ್ತಿ ಉಚಿತ ಕೊಡಿ, ಅದು ನಿಮ್ಮ ಅತ್ಯುತ್ತಮ ಭಾಗವೇ ಆಗಿರಲಿ, ಯಾಕೆಂದರೆ ಅದನ್ನು ನೋಡಿಯೇ ಉಳಿದದ್ದಕ್ಕೆ ದುಡ್ಡು ಕೊಡುವುದು. ಬೇರೆಯವರ ಬಳಿಯೂ ಇರುವ ಮಾಹಿತಿಯನ್ನು ಮಾರಲು ಹೊರಟಿದ್ದರೆ ಬೆಲೆಯ ಜಗಳಕ್ಕೆ ಇಳಿಯಬೇಡಿ, ಡೈರೆಕ್ಟರಿ ಸಿಡಿಗಳಿಗೆ ಆದದ್ದೇ ಆಗುತ್ತದೆ. ಅದನ್ನು ಪ್ರತಿ ತಿಂಗಳು ಸರಿಪಡಿಸಿ ಹೊಸದಾಗಿ ಇಡುವುದನ್ನು ಮಾರಿ. ಹಿಡಿಸದಿದ್ದರೆ ಹಣ ವಾಪಸ್ ಅಂತ ಧೈರ್ಯವಾಗಿ ಹೇಳಿ. ವಾಪಸ್ ಕೊಟ್ಟರೂ ನಿಮಗೆ ಪ್ರತಿಯ ಖರ್ಚು ಏನೂ ಹೋಗಿರುವುದಿಲ್ಲ, ಕೊಳ್ಳುವವರ ಅನುಮಾನ ಮಾತ್ರ ಕಮ್ಮಿಯಾಗುತ್ತದೆ.